ನಾಲ್ಕು ಕ್ರಾಂತಿಗಳು: ದುಡಿದವರ ಪಾಲಿಗೆ ಬಂದದ್ದೇನು?

(ಕಾರ್ಮಿಕ ಬಂಧುಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ ಎಂಬ ಮೂರು ಮಾತುಗಳನ್ನು ನಾವು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ, ಮೇ ದಿನದ ಸಭೆಗಳಲ್ಲಿ ಕೇಳಿದ್ದೇವೆ. ಈ ಮಾತುಗಳಿಗೆ ರಾಜ್ಯಗಳನ್ನು ಅಲುಗಾಡಿಸುವ ಬಲ ಬಂದದ್ದು ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ, ಅಟ್ಲಾಂಟಿಕ್ ಸಮುದ್ರದ ಎರಡು ದಡಗಳಲ್ಲಿ. 1775ರಿಂದ 1825ರ ವರೆಗಿನ ಐವತ್ತು ವರ್ಷಗಳಲ್ಲಿ ಅಲ್ಲಿ ನಾಲ್ಕು ದೊಡ್ಡ ಕ್ರಾಂತಿಗಳಾದವು. ಮೊದಲು ಅಮೆರಿಕದಲ್ಲಿ, ಬಳಿಕ ಫ್ರಾನ್ಸಿನಲ್ಲಿ, ಅದರ ಹಿಂದೆಯೇ ಹೈಟಿ ದ್ವೀಪದಲ್ಲಿ, ಕೊನೆಗೆ ಸ್ಪೇನಿನ ಕೈಕೆಳಗಿದ್ದ ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ನಾಡುಗಳಲ್ಲಿ.

ದೂರ ದೇಶಗಳ ಹಳೆಯ ಸಂಗತಿ ನಮಗೇಕೆ ಎಂದು ಕೆಲವರು ಕೇಳಬಹುದು. ಈ ನಾಲ್ಕರಲ್ಲಿ ಹೈಟಿಯ ಕ್ರಾಂತಿಯನ್ನು ಮಾಡಿದವರು ಕಬ್ಬಿನ ತೋಟ, ಕಾಫಿ ತೋಟಗಳ ಆಳುಗಳು. ಉಳಿದ ಮೂರರಲ್ಲಿಯೂ ಕಾದಾಡಿ ಸತ್ತವರಲ್ಲಿ ಹೆಚ್ಚಿನವರು ಬಡವರೇ. ಆದಕಾರಣ ನಾವು ಇವುಗಳನ್ನು ರಾಜರ ಮತ್ತು ಸೇನಾಪತಿಗಳ ಕಥೆಯೆಂದು ನೋಡದೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಜನರು ಏಕೆ ಎದ್ದರು? ಗೆದ್ದ ಮೇಲೆ ದುಡಿಯುವವರ ಕೈಗೆ ಬಂದದ್ದೇನು?

ಸಾಲದ ಹೊರೆ

ಕಾರಣಗಳನ್ನು ಹುಡುಕುತ್ತ ಹೋದರೆ ಮೊದಲು ಸಿಕ್ಕುವುದು ರಾಜರ ಯುದ್ಧದ ಸಾಲ. 1756ರಿಂದ 1763ರ ವರೆಗೆ ಬ್ರಿಟನ್ನಿಗೂ ಫ್ರಾನ್ಸಿಗೂ ದೊಡ್ಡ ಯುದ್ಧ ನಡೆಯಿತು. ಯೂರೋಪಿನಲ್ಲಿ, ಅಮೆರಿಕದಲ್ಲಿ, ನಮ್ಮ ದಕ್ಷಿಣ ಭಾರತದಲ್ಲಿ ಕೂಡ ಅವರು ಕಾದಾಡಿದರು. ಬ್ರಿಟನ್ ಗೆದ್ದಿತು. ಆದರೆ ಅದರ ಸರಕಾರದ ಸಾಲ ಸುಮಾರು 7.5 ಕೋಟಿ ಪೌಂಡಿನಿಂದ ಸುಮಾರು 13 ಕೋಟಿ ಪೌಂಡಿಗೆ ಏರಿತು. ಈ ಹಣ ಕೂಡಿಸಲು ಲಂಡನ್ನಿನ ಪಾರ್ಲಿಮೆಂಟು ಅಮೆರಿಕದ ವಸಾಹತುಗಳ ಮೇಲೆ ತೆರಿಗೆ ಹಾಕಿತು. 1765ರಲ್ಲಿ ಸ್ಟಾಂಪ್ ತೆರಿಗೆ, ಆಮೇಲೆ ಚಹಾದ ಮೇಲಿನ ಸುಂಕ. ಆ ಪಾರ್ಲಿಮೆಂಟಿನಲ್ಲಿ ಅಮೆರಿಕದವರ ಪ್ರತಿನಿಧಿ ಒಬ್ಬನೂ ಇರಲಿಲ್ಲ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಜನರು 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಅದು ಚೀನಾದಲ್ಲಿ ಬೆಳೆದ ಚಹಾ. ಅದರ ಒಡೆತನ ಮಾತ್ರ ನಮ್ಮ ದೇಶವನ್ನು ಹಿಡಿದುಕೊಂಡ ಅದೇ ಈಸ್ಟ್ ಇಂಡಿಯಾ ಕಂಪೆನಿಯದು.

ಸೋತ ಫ್ರಾನ್ಸ್ ಹಗೆ ತೀರಿಸಿಕೊಳ್ಳಲು 1778ರಿಂದ ಅಮೆರಿಕದವರಿಗೆ ಹಣ, ಸೈನ್ಯ, ಹಡಗುಗಳನ್ನು ಕೊಟ್ಟಿತು. ಅಮೆರಿಕ ಗೆದ್ದಿತು, ಫ್ರಾನ್ಸಿನ ಖಜಾನೆ ಬರಿದಾಯಿತು. ಸರಕಾರದ ವರಮಾನದಲ್ಲಿ ಅರ್ಧದಷ್ಟು ಸಾಲದ ಬಡ್ಡಿಗೇ ಹೋಗತೊಡಗಿತು. 1788ರಲ್ಲಿ ಮೈಸೂರಿನ ಟಿಪ್ಪು ಸುಲ್ತಾನನ ರಾಯಭಾರಿಗಳು ಪ್ಯಾರಿಸಿಗೆ ಹೋಗಿ ರಾಜ ಹದಿನಾರನೇ ಲೂಯಿಯ ಬಳಿ ಸೈನ್ಯದ ನೆರವು ಕೇಳಿದರು. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಸಾಲದಲ್ಲಿ ಮುಳುಗಿದ್ದ ಆ ರಾಜನಿಗೆ ಇನ್ನೊಂದು ಯುದ್ಧ ಹೊರುವ ಶಕ್ತಿ ಇರಲಿಲ್ಲ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡನು. ಆ ಕಾಲದ ಲೋಕ ಹೀಗೆ ಒಂದಕ್ಕೊಂದು ಹೆಣೆದುಕೊಂಡಿತ್ತು.

ಆದರೆ ಸಾಲ ಒಂದರಿಂದಲೇ ಕ್ರಾಂತಿ ಆಗುವುದಿಲ್ಲ. ಈ ಎಲ್ಲ ದೇಶಗಳಲ್ಲಿಯೂ ಹಣವಿದ್ದು ಅಧಿಕಾರವಿಲ್ಲದ ಒಂದು ವರ್ಗವಿತ್ತು. ಅಮೆರಿಕದ ವರ್ತಕರು ಮತ್ತು ತೋಟದ ಒಡೆಯರು, ಫ್ರಾನ್ಸಿನ ವಕೀಲರು, ಸ್ಪೇನಿನ ವಸಾಹತುಗಳಲ್ಲಿ ಹುಟ್ಟಿದ ಬಿಳಿಯ ಜಮೀನುದಾರರು ಇಂಥವರು. ಅವರ ಕೆಳಗೆ ರೊಟ್ಟಿಯಿಲ್ಲದವರು, ಭೂಮಿಯಿಲ್ಲದವರು, ಚಾಟಿಯ ಏಟು ತಿನ್ನುವವರು ಇದ್ದರು. ಮೇಲಿನವರಿಗೆ ಬೇಕಾದದ್ದು ಅಧಿಕಾರದಲ್ಲಿ ಪಾಲು. ಕೆಳಗಿನವರಿಗೆ ಬೇಕಾದದ್ದು ಬದುಕು. ಇಬ್ಬರೂ ಒಂದೇ ಹೊತ್ತಿನಲ್ಲಿ ಎದ್ದಾಗ ಸಿಂಹಾಸನಗಳು ಉರುಳಿದವು. ಗೆದ್ದ ಮರುದಿನ ಇಬ್ಬರ ದಾರಿಯೂ ಬೇರೆಯಾಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಅಮೆರಿಕ: ಕಾಗದದಲ್ಲಿ ಸಮಾನತೆ

1776ರ ಜುಲೈ 4ರಂದು ಅಮೆರಿಕದ ಹದಿಮೂರು ವಸಾಹತುಗಳು ಸ್ವಾತಂತ್ರ್ಯ ಸಾರಿದವು. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಸಲ್ಪಟ್ಟವರು ಎಂದು ಆ ಘೋಷಣೆಯಲ್ಲಿ ಬರೆದರು. ಅದರ ಕರಡು ಬರೆದ ಜೆಫರ್ಸನ್, ಸೈನ್ಯ ನಡೆಸಿದ ವಾಷಿಂಗ್ಟನ್, ಇಬ್ಬರೂ ಗುಲಾಮರ ಒಡೆಯರೇ. ವರ್ಜೀನಿಯದ ಬ್ರಿಟಿಷ್ ಗವರ್ನರನು 1775ರಲ್ಲಿ, ದಂಗೆಕೋರ ಒಡೆಯರನ್ನು ಬಿಟ್ಟು ರಾಜನ ಕಡೆಗೆ ಬಂದು ಕಾದಾಡುವ ಗುಲಾಮರಿಗೆ ಬಿಡುಗಡೆ ಎಂದು ಸಾರಿದನು. ಸಾವಿರಾರು ಗುಲಾಮರು ಓಡಿಹೋಗಿ ಬ್ರಿಟಿಷರನ್ನು ಸೇರಿದರು. ಅವರಿಗೆ ಸ್ವಾತಂತ್ರ್ಯ ಯಾವ ಕಡೆ ಕಂಡಿತೋ ಆ ಕಡೆಗೆ ಹೋದರು.

1783ರಲ್ಲಿ ಯುದ್ಧ ಮುಗಿಯಿತು. ಊರಿಗೆ ಮರಳಿದ ಬಡ ರೈತ ಸೈನಿಕರಿಗೆ ಕಾದಿದ್ದದ್ದು ಸಾಲ ಮತ್ತು ತೆರಿಗೆ. ಮ್ಯಾಸಚೂಸೆಟ್ಸ್ ಎಂಬಲ್ಲಿ ಜಮೀನು ಜಪ್ತಿಯಾಗುವುದನ್ನು ತಡೆಯಲು ಅವರು 1786ರಲ್ಲಿ ಕೋರ್ಟುಗಳನ್ನು ಮುತ್ತಿದರು. ಅವರ ಮುಂದಾಳುಗಳಲ್ಲಿ ಒಬ್ಬನಾದ ಡೇನಿಯಲ್ ಶೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ಹೊಸ ಸರಕಾರ ಅವರನ್ನು ಸೈನ್ಯದಿಂದ ಅಡಗಿಸಿತು. ಮರುವರ್ಷ, 1787ರಲ್ಲಿ, ಸಂವಿಧಾನ ಬರೆಯಲು ಕುಳಿತವರು ಆಸ್ತಿವಂತರು. ಒಬ್ಬ ಗುಲಾಮನನ್ನು ಮನುಷ್ಯನ ಐದರಲ್ಲಿ ಮೂರು ಪಾಲು ಎಂದು ಲೆಕ್ಕ ಹಿಡಿದು ಒಡೆಯರ ರಾಜ್ಯಗಳಿಗೆ ಹೆಚ್ಚು ಪ್ರತಿನಿಧಿ ಸ್ಥಾನ ಕೊಟ್ಟರು. 1808ರ ತನಕ ಗುಲಾಮರ ಆಮದನ್ನು ನಿಷೇಧಿಸಕೂಡದೆಂದು ಕಟ್ಟು ಹಾಕಿದರು. 1790ರಲ್ಲಿ ಅಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ರಲ್ಲಿ ಅವರ ಸಂಖ್ಯೆ ಸುಮಾರು 40 ಲಕ್ಷ. ಇನ್ನೊಂದು ಭೀಕರ ಯುದ್ಧವಾಗಿ 1865ರಲ್ಲಿ ಗುಲಾಮಗಿರಿ ನಿಲ್ಲುವ ತನಕ ಅವರು ಕಾಯಬೇಕಾಯಿತು. ಆ ನೆಲದ ಮೂಲ ನಿವಾಸಿಗಳಂತೂ ಕಾಡು, ಬೇಟೆಯ ಬಯಲು ಎಲ್ಲವನ್ನೂ ಕಳೆದುಕೊಂಡರು.

ಹಾಗಾದರೆ ಆ ಕಾಗದದ ಮಾತು ಬರೇ ಸುಳ್ಳೇ? ಹಾಗೆನ್ನಲಾಗದು. ಮ್ಯಾಸಚೂಸೆಟ್ಸಿನಲ್ಲಿ ಬೆಟ್ ಎಂಬ ಗುಲಾಮ ಹೆಣ್ಣುಮಗಳಿದ್ದಳು. ಆ ರಾಜ್ಯದ 1780ರ ಸಂವಿಧಾನದಲ್ಲಿ ಎಲ್ಲರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟುತ್ತಾರೆ ಎಂದು ಬರೆದಿತ್ತು. ಆಕೆಗೆ ಓದು ಬರೆಹ ಬಾರದು. ಆದರೂ ಆ ಮಾತನ್ನು ಕಿವಿಯಲ್ಲಿ ಕೇಳಿ, ವಕೀಲನ ಬಳಿಗೆ ಹೋಗಿ, 1781ರಲ್ಲಿ ಕೋರ್ಟಿನಲ್ಲಿ ಗೆದ್ದು ಬಿಡುಗಡೆ ಪಡೆದಳು. ಬಳಿಕ ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು. ಬರೆದವರು ತಮಗಾಗಿ ಬರೆದುಕೊಂಡ ಮಾತನ್ನು ಆಕೆ ತನ್ನದಾಗಿ ಮಾಡಿಕೊಂಡಳು.

ಫ್ರಾನ್ಸ್: ರೈತನಿಗೆ ಸಿಕ್ಕಿತು, ಕೂಲಿಗಾರನಿಗೆ ಸಿಗಲಿಲ್ಲ

ಫ್ರಾನ್ಸಿನಲ್ಲಿ ಪಾದ್ರಿಗಳು, ಶ್ರೀಮಂತ ಮನೆತನಗಳು, ಉಳಿದ ಜನ ಎಂದು ಮೂರು ವರ್ಗಗಳಿದ್ದವು. ಮೊದಲ ಎರಡಕ್ಕೆ ಮುಖ್ಯ ತೆರಿಗೆಗಳಿಂದ ವಿನಾಯಿತಿ. ಮೂರನೆಯ ವರ್ಗ ರಾಜನಿಗೆ ತೆರಿಗೆ, ಜಮೀನುದಾರನಿಗೆ ಕಾಣಿಕೆ, ಸಭೆಗೆ ದಶಮಾಂಶ, ಎಲ್ಲವನ್ನೂ ಕೊಡಬೇಕು. 1788ರಲ್ಲಿ ಆಲಿಕಲ್ಲು ಬಿದ್ದು ಬೆಳೆ ಕೆಟ್ಟಿತು. ಮರುವರ್ಷ ಪಟ್ಟಣದ ಕೂಲಿಗಾರರ ಸಂಪಾದನೆಯ ಬಹುಪಾಲು ರೊಟ್ಟಿಗೇ ಹೋಯಿತು. ಸಾಲ ತೀರಿಸುವ ದಾರಿ ಕಾಣದ ರಾಜನು 1789ರ ಮೇ ತಿಂಗಳಲ್ಲಿ ಮೂರು ವರ್ಗಗಳ ಸಭೆ ಕರೆದನು. 1614ರ ನಂತರ ಆ ಸಭೆ ಸೇರಿರಲೇ ಇಲ್ಲ. ಮೂರನೆಯ ವರ್ಗದವರು ತಾವೇ ರಾಷ್ಟ್ರಸಭೆ ಎಂದು ಎದ್ದು ನಿಂತರು. ಹಳ್ಳಿಯ ಬಡಜನರ ನಡುವೆ ಬಾಳಿದ್ದ ಎಷ್ಟೋ ಮಂದಿ ವಿಚಾರಣೆ ಗುರುಗಳು ಬಿಷಪ್ಪರನ್ನು ಬಿಟ್ಟು ಅವರನ್ನು ಸೇರಿದರೆಂಬುದು ನಾವು ನೆನಪಿಡತಕ್ಕ ಸಂಗತಿ.

ಜುಲೈ 14ರಂದು ಪ್ಯಾರಿಸಿನ ಜನ ಬಾಸ್ಟೀಲ್ ಕೋಟೆಯನ್ನು ಹಿಡಿದರು. ಹಳ್ಳಿಗಳಲ್ಲಿ ರೈತರು ಜಮೀನುದಾರರ ಲೆಕ್ಕದ ಕಾಗದಗಳನ್ನು ಸುಟ್ಟರು. ಅದಕ್ಕೆ ಹೆದರಿ ಸಭೆಯವರು ಆಗಸ್ಟ್ 4ರ ರಾತ್ರಿ ವಿಶೇಷ ಹಕ್ಕುಗಳನ್ನು ಬಿಟ್ಟುಕೊಟ್ಟರು. ಆಗಸ್ಟ್ 26ರಂದು ಮಾನವ ಹಕ್ಕುಗಳ ಘೋಷಣೆ ಮಾಡಿದರು. ಅಕ್ಟೋಬರದಲ್ಲಿ ಸಾವಿರಾರು ಹೆಂಗಸರು ರೊಟ್ಟಿ ಕೇಳುತ್ತ ವರ್ಸೈ ಅರಮನೆಗೆ ನಡೆದುಹೋಗಿ ರಾಜನನ್ನು ಪ್ಯಾರಿಸಿಗೆ ಕರೆತಂದರು.

ಆದರೆ ಓಟಿನ ಹಕ್ಕು ಬರೆಯುವಾಗ ಮೂರು ದಿನದ ಕೂಲಿಯಷ್ಟು ತೆರಿಗೆ ಕೊಡುವ ಗಂಡಸರಿಗೆ ಮಾತ್ರ ಎಂದು ಬರೆದರು. ಹೆಂಗಸರ ಹಕ್ಕುಗಳ ಘೋಷಣೆಯನ್ನು 1791ರಲ್ಲಿ ಬರೆದ ಒಲಾಂಪ್ ದ ಗೂಜ್ ಎಂಬಾಕೆಯನ್ನು 1793ರಲ್ಲಿ ಗಿಲೊಟಿನ್ ಯಂತ್ರಕ್ಕೆ ಕೊಟ್ಟರು. ಫ್ರಾನ್ಸಿನ ಹೆಂಗಸರಿಗೆ ಓಟು ಬಂದದ್ದು 1944ರಲ್ಲಿ.

ಸಂಘದವರಾದ ನಾವು ವಿಶೇಷವಾಗಿ ತಿಳಿಯಬೇಕಾದದ್ದು 1791ರ ಜೂನ್ 14ರ ಕಾನೂನು. ಅದನ್ನು ತಂದವನ ಹೆಸರಿನಿಂದ ಲ ಶಪೆಲಿಯೆ ಕಾನೂನು ಎನ್ನುತ್ತಾರೆ. ಕೂಲಿಗಾರರು ಸಂಘ ಕಟ್ಟುವುದು, ಕೂಲಿ ಹೆಚ್ಚಿಸಲು ಕೂಡಿ ಕೆಲಸ ನಿಲ್ಲಿಸುವುದು ಅಪರಾಧ ಎಂದು ಅದು ಸಾರಿತು. ಪ್ರತಿಯೊಬ್ಬನೂ ಸ್ವತಂತ್ರನು, ಆದಕಾರಣ ಪ್ರತಿಯೊಬ್ಬನೂ ಒಂಟಿಯಾಗಿಯೇ ಮಾಲೀಕನ ಹತ್ತಿರ ಕೂಲಿ ಮಾತಾಡಿಕೊಳ್ಳಲಿ ಎಂಬುದು ಅವರ ವಾದ. ಸ್ವಾತಂತ್ರ್ಯದ ಹೆಸರಿನಿಂದಲೇ ಕಾರ್ಮಿಕರ ಕೈ ಕಟ್ಟಿದರು. ಮುಷ್ಕರ ಹೂಡುವ ಹಕ್ಕು 1864ರಲ್ಲಿ, ಸಂಘಗಳಿಗೆ ಕಾನೂನಿನ ಮಾನ್ಯತೆ 1884ರಲ್ಲಿ ಸಿಕ್ಕಿತು.

ರೈತರ ಸ್ಥಿತಿ ಬೇರೆ. ಜಮೀನುದಾರನ ಕಾಣಿಕೆಗಳನ್ನು ಹಣ ಕೊಟ್ಟು ಬಿಡಿಸಿಕೊಳ್ಳಬೇಕು ಎಂದು ಸಭೆ ಮೊದಲು ಹೇಳಿತ್ತು. ರೈತರು ಒಪ್ಪಲಿಲ್ಲ, ಕೊಡಲೂ ಇಲ್ಲ. ನಾಲ್ಕು ವರ್ಷ ಹಟ ಹಿಡಿದರು. 1793ರ ಜುಲೈಯಲ್ಲಿ ಅವೆಲ್ಲ ಪರಿಹಾರವಿಲ್ಲದೆ ರದ್ದಾದವು. ಆಮೇಲೆ ಭೀತಿಯ ಆಳ್ವಿಕೆ ಬಂತು. ಸುಮಾರು 17,000 ಜನರಿಗೆ ಮರಣದಂಡನೆಯಾಯಿತು. 1799ರಲ್ಲಿ ನೆಪೋಲಿಯನ್ ಅಧಿಕಾರ ಹಿಡಿದು 1804ರಲ್ಲಿ ಚಕ್ರವರ್ತಿಯಾದನು. ಅವನು ಸೋತ ಮೇಲೆ ಹಳೆಯ ರಾಜವಂಶವೇ ಹಿಂತಿರುಗಿತು. ಆದರೂ ರೈತನ ಮೇಲಿದ್ದ ಆ ಕಾಣಿಕೆಗಳನ್ನು ಮತ್ತೆ ಹೇರುವ ಧೈರ್ಯ ಯಾರಿಗೂ ಬರಲಿಲ್ಲ.

ಹೈಟಿ: ತೋಟದ ಆಳುಗಳ ಕ್ರಾಂತಿ

ಹೈಟಿಗೆ ಆಗ ಸೇಂಟ್ ಡೊಮಿಂಗ್ ಎಂಬ ಹೆಸರು. ಫ್ರಾನ್ಸಿನ ಅತ್ಯಂತ ಲಾಭದ ವಸಾಹತು ಅದು. ಯೂರೋಪು ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿನ ಗುಡ್ಡಗಳಿಂದ ಹೋಗುತ್ತಿತ್ತು. ಆಫ್ರಿಕದಿಂದ ಹಿಡಿದು ತಂದವರು ಮತ್ತು ಅವರ ಮಕ್ಕಳು ಸೇರಿ ಸುಮಾರು 5 ಲಕ್ಷ ಗುಲಾಮರು ದುಡಿಯುತ್ತಿದ್ದರು. ಬಿಳಿಯರು 40,000ಕ್ಕಿಂತ ಕಡಿಮೆ. ಕಬ್ಬಿನ ಗಾಣದಲ್ಲಿ ಕೈ ಸಿಕ್ಕಿ, ಕುದಿಯುವ ಹಾಲಿನಿಂದ ಸುಟ್ಟು, ಹೊಟ್ಟೆಗಿಲ್ಲದೆ ಆಳುಗಳು ಬೇಗ ಸಾಯುತ್ತಿದ್ದರು. 1780ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 30,000 ಜನರನ್ನು ಹೊಸದಾಗಿ ತರುತ್ತಿದ್ದರು.

1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ತೋಟಗಳಲ್ಲಿ ಬೆಂಕಿ ಎದ್ದಿತು. ಮುಂದಾಳುಗಳಲ್ಲಿ ಅನೇಕರು ಆಳುಗಳ ಗುಂಪು ನಡೆಸುವವರು, ನಮ್ಮ ಮಾತಿನಲ್ಲಿ ಮೇಸ್ತ್ರಿಗಳು; ಕೆಲವರು ಗಾಡಿ ಹೊಡೆಯುವವರು. ಅವರೂ ಗುಲಾಮರೇ. ತೋಟದಿಂದ ತೋಟಕ್ಕೆ ಹೋಗಲು ಅವರಿಗೆ ಅವಕಾಶವಿದ್ದುದರಿಂದ ಸುದ್ದಿ ಮುಟ್ಟಿಸಿ ಜನರನ್ನು ಕೂಡಿಸಲು ಸಾಧ್ಯವಾಯಿತು. ಎರಡು ವರ್ಷ ಅವರನ್ನು ಅಡಗಿಸಲಾಗದೆ 1793ರ ಆಗಸ್ಟಿನಲ್ಲಿ ಅಲ್ಲಿಯ ಫ್ರೆಂಚ್ ಅಧಿಕಾರಿ ಉತ್ತರ ಭಾಗದಲ್ಲಿ ಗುಲಾಮಗಿರಿ ಮುಗಿಯಿತೆಂದು ಸಾರಿದನು. 1794ರ ಫೆಬ್ರವರಿ 4ರಂದು ಪ್ಯಾರಿಸಿನ ಸಭೆ ಅದನ್ನು ಎಲ್ಲ ವಸಾಹತುಗಳಿಗೂ ಅನ್ವಯಿಸಿತು. ಮಾನವ ಹಕ್ಕುಗಳ ಘೋಷಣೆಯಾಗಿ ನಾಲ್ಕೂವರೆ ವರ್ಷಗಳಾದ ಮೇಲೆ, ತೋಟದ ಆಳುಗಳು ಹೊಡೆದಾಡಿದ್ದರಿಂದ, ಆ ಘೋಷಣೆ ಅವರಿಗೂ ಮುಟ್ಟಿತು.

ಹಿಂದೆ ಗಾಡಿ ಹೊಡೆಯುತ್ತಿದ್ದ ತೂಸಾಂ ಲೂವೆರ್ತೂರ್ ದೊಡ್ಡ ಸೇನಾಪತಿಯಾದನು. ಆದರೆ ಅವನಿಗೂ ಸೈನ್ಯ ಸಾಕಲು ಹಣ ಬೇಕಾಗಿತ್ತು. ಹಣ ಬರುವುದು ಸಕ್ಕರೆ ಮತ್ತು ಕಾಫಿಯಿಂದ. 1800ರಲ್ಲಿ ಅವನು, ಬಿಡುಗಡೆಯಾದವರು ತಮ್ಮ ಹಳೆಯ ತೋಟಗಳಿಗೇ ಮರಳಿ ದುಡಿಯಬೇಕು, ಬೆಳೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ಅವರಿಗೆ, ತೋಟ ಬಿಟ್ಟರೆ ಸೈನಿಕರು ಹಿಡಿದು ತರುತ್ತಾರೆ ಎಂದು ಆಜ್ಞೆ ಮಾಡಿದನು. ಮರುವರ್ಷ ದುಡಿಯುವವರು ಎದ್ದರು. ಅವರ ಪಕ್ಷ ಹಿಡಿದ ತನ್ನ ಸ್ವಂತ ಸಾಕು ಸಂಬಂಧಿ, ಸೇನಾಪತಿ ಮೊಯಿಸನನ್ನು ತೂಸಾಂ ಗುಂಡಿಕ್ಕಿ ಕೊಲ್ಲಿಸಿದನು. ಇದನ್ನು ಹೇಳುವುದು ತೂಸಾಂನ ದೊಡ್ಡತನ ಕಡಿಮೆ ಮಾಡಲಿಕ್ಕಲ್ಲ. ನಮ್ಮವನೇ ಮೇಲೆ ಕುಳಿತರೂ ತೋಟದ ಲೆಕ್ಕ ತೋಟದ ಲೆಕ್ಕವಾಗಿಯೇ ಉಳಿಯಬಹುದು ಎಂದು ತಿಳಿಯಲಿಕ್ಕೆ.

1802ರಲ್ಲಿ ನೆಪೋಲಿಯನ್ ದೊಡ್ಡ ಸೈನ್ಯ ಕಳಿಸಿ ತೂಸಾಂನನ್ನು ಮೋಸದಿಂದ ಹಿಡಿಸಿದನು. 1803ರ ಏಪ್ರಿಲ್ 7ರಂದು ತೂಸಾಂ ಫ್ರಾನ್ಸಿನ ಚಳಿಯ ಸೆರೆಮನೆಯಲ್ಲಿ ತೀರಿಕೊಂಡನು. ಅಷ್ಟರಲ್ಲಿ ಬೇರೆ ದ್ವೀಪಗಳಲ್ಲಿ ಗುಲಾಮಗಿರಿಯನ್ನು ಮತ್ತೆ ತಂದರೆಂಬ ಸುದ್ದಿ ಹೈಟಿಗೆ ಮುಟ್ಟಿತ್ತು. ಜನರು ಮತ್ತೆ ಎದ್ದರು. ಯುದ್ಧದಿಂದಲೂ ಹಳದಿ ಜ್ವರದಿಂದಲೂ ಫ್ರೆಂಚ್ ಸೈನ್ಯ ನಾಶವಾಯಿತು. 1804ರ ಜನವರಿ 1ರಂದು ದೆಸಲೀನ್ ಹೈಟಿಯ ಸ್ವಾತಂತ್ರ್ಯ ಸಾರಿದನು. ಅದೇ ವರ್ಷ ಅವನ ಅಪ್ಪಣೆಯಿಂದ ಅಲ್ಲಿ ಉಳಿದಿದ್ದ ಫ್ರೆಂಚರನ್ನು, ಹೆಂಗಸರು ಮಕ್ಕಳನ್ನೂ ಕೂಡಿ, ಕೊಂದರು. ಇದನ್ನು ನಾವು ಮುಚ್ಚಿಡಬಾರದು, ಹೊಗಳಲೂಬಾರದು.

ಗೆದ್ದ ಹೈಟಿಯನ್ನು ಲೋಕ ಒಂಟಿಯಾಗಿ ಬಿಟ್ಟಿತು. ಅಮೆರಿಕ ಅದಕ್ಕೆ ಮಾನ್ಯತೆ ಕೊಟ್ಟದ್ದು 1862ರಲ್ಲಿ. 1825ರಲ್ಲಿ ಫ್ರಾನ್ಸಿನ ರಾಜನು ಯುದ್ಧದ ಹಡಗುಗಳನ್ನು ಕಳಿಸಿ, ತೋಟದ ಒಡೆಯರಿಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಟ್ಟರೆ ಮಾತ್ರ ಮಾನ್ಯತೆ ಎಂದನು. ಗುಲಾಮರಾಗಿದ್ದವರು ತಮ್ಮ ಮೈಯ ಬೆಲೆಯನ್ನೂ ಒಡೆಯರಿಗೆ ಕಟ್ಟಬೇಕಾಯಿತು! ಮೊದಲ ಕಂತಿಗೆ ಪ್ಯಾರಿಸಿನ ಬ್ಯಾಂಕುಗಳಲ್ಲಿ 3 ಕೋಟಿ ಸಾಲ ಎತ್ತಿದರು. ಕೈಗೆ ಬಂದದ್ದು 2.4 ಕೋಟಿ ಮಾತ್ರ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಅದರಿಂದ ಹುಟ್ಟಿದ ಸಾಲದ ಬಾಲ 1947ರ ವರೆಗೂ ಎಳೆಯಿತು. ಆ ದೇಶದ ಬಡತನಕ್ಕೆ ಅದೊಂದೇ ಕಾರಣವಲ್ಲ. ಆದರೆ ಅದನ್ನು ಬಿಟ್ಟು ಆ ಬಡತನದ ಮಾತಾಡುವುದು ನ್ಯಾಯವಲ್ಲ.

ಇಷ್ಟಾದರೂ ಹೈಟಿಯ ದುಡಿಯುವವರು ಒಂದು ಸಂಗತಿಯಲ್ಲಿ ಸೋಲಲಿಲ್ಲ. ಈ ದಂಡ ಕಟ್ಟಲು 1826ರಲ್ಲಿ ಸರಕಾರ ಅವರನ್ನು ಮತ್ತೆ ತೋಟಗಳಿಗೆ ಕಟ್ಟಿಹಾಕುವ ಕಾನೂನು ತಂದಿತು. ಅಷ್ಟರೊಳಗೆ ಜನರು ಗುಡ್ಡಗಳಲ್ಲಿ ಚಿಕ್ಕ ಚಿಕ್ಕ ಹಿಡುವಳಿ ಮಾಡಿ, ಊಟಕ್ಕೆ ಬೇಕಾದದ್ದನ್ನೂ ಮಾರಲು ಕಾಫಿಯನ್ನೂ ಬೆಳೆಯುತ್ತಿದ್ದರು. ಅವರು ಇಳಿದು ಬರಲಿಲ್ಲ. ಆ ಕಾನೂನು ಕಾಗದದಲ್ಲಿಯೇ ಉಳಿಯಿತು.

ಸ್ಪೇನಿನ ವಸಾಹತುಗಳು: ಗಂಟೆ ಬಾರಿಸಿದ ಗುರುಗಳು

ಸ್ಪೇನಿನ ವಸಾಹತುಗಳಲ್ಲಿ ಬಡವರು ಮೊದಲೇ ಎದ್ದಿದ್ದರು. 1780ರಲ್ಲಿ ಪೆರುವಿನಲ್ಲಿ ಬಿಟ್ಟಿ ದುಡಿಮೆ ಮತ್ತು ತೆರಿಗೆಯ ವಿರುದ್ಧ ಎರಡನೇ ಟೂಪಾಕ್ ಅಮಾರು ದಂಗೆ ನಡೆಸಿದನು. ಮರುವರ್ಷ ಅವನನ್ನು ಕ್ರೂರವಾಗಿ ಕೊಂದರು. ಅಲ್ಲಿಯ ಬಿಳಿಯ ಜಮೀನುದಾರರು ಆಗ ರಾಜನ ಕಡೆಗಿದ್ದರು. 1808ರಲ್ಲಿ ನೆಪೋಲಿಯನ್ ಸ್ಪೇನಿನ ರಾಜನನ್ನು ಸೆರೆಹಿಡಿದ ಮೇಲೆ, ಇನ್ನು ಅಧಿಕಾರ ನಮಗೇ ಬರಲಿ ಎಂದು ಅವರೂ ಹೊರಟರು.

ಮೆಕ್ಸಿಕೋದಲ್ಲಿ ಡೊಲೊರೆಸ್ ಎಂಬ ಊರಿನ ಗುರುಗಳಾದ ಹಿಡಾಲ್ಗೊ 1810ರ ಸೆಪ್ಟೆಂಬರ್ 16ರಂದು ದೇವಾಲಯದ ಗಂಟೆ ಬಾರಿಸಿ ಜನರನ್ನು ಕೂಡಿಸಿದರು. ಗುಲಾಮರ ಬಿಡುಗಡೆಯನ್ನೂ ಮೂಲ ನಿವಾಸಿಗಳ ತಲೆತೆರಿಗೆಯ ರದ್ದತಿಯನ್ನೂ ಸಾರಿದರು. ಬಡವರ ಸೈನ್ಯ ಆಸ್ತಿ ಮುಟ್ಟುವುದನ್ನೂ, ಗ್ವಾನಹ್ವಾತೊ ಪಟ್ಟಣದ ಕೊಲೆಗಳನ್ನೂ ಕಂಡು ಜಮೀನುದಾರರು ಅವರ ಕೈಬಿಟ್ಟರು. 1811ರಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅವರ ಕೆಲಸ ಮುಂದುವರಿಸಿದ ಮೊರೆಲೊಸ್ ಎಂಬ ಗುರುಗಳಿಗೂ 1815ರಲ್ಲಿ ಅದೇ ಗತಿಯಾಯಿತು. ಕೊನೆಗೆ 1821ರಲ್ಲಿ ಮೆಕ್ಸಿಕೋಗೆ ಸ್ವಾತಂತ್ರ್ಯ ತಂದವನು ಇಟುರ್ಬಿದೆ. ಮೊದಲು ಈ ದಂಗೆಕೋರರನ್ನೇ ಬೇಟೆಯಾಡಿದ ಸೇನಾಧಿಕಾರಿ ಅವನು. ದೊಡ್ಡ ಜಮೀನುಗಳು ಇದ್ದ ಹಾಗೆಯೇ ಉಳಿದವು. ಭೂಮಿಗಾಗಿ ಮೆಕ್ಸಿಕೋದ ಬಡವರು 1910ರಲ್ಲಿ ಮತ್ತೊಮ್ಮೆ ಏಳಬೇಕಾಯಿತು.

ದಕ್ಷಿಣದಲ್ಲಿ ಬೊಲಿವಾರ್ ಸೋತು ಓಡಿಬಂದಾಗ ಅವನಿಗೆ ಹಡಗು, ಬಂದೂಕು ಕೊಟ್ಟದ್ದು ಬಡ ಹೈಟಿಯ ಅಧ್ಯಕ್ಷ ಪೆತಿಯೋಂ. ಅದು 1816ರಲ್ಲಿ. ಬದಲಿಗೆ ಅವನು ಕೇಳಿದ್ದು ಗುಲಾಮರ ಬಿಡುಗಡೆ. ಬೊಲಿವಾರ್ ಮಾತು ಕೊಟ್ಟನು, ಸೈನ್ಯ ಸೇರಿದ ಗುಲಾಮರನ್ನು ಬಿಡಿಸಿದನು. ಆದರೆ 1821ರ ಕಾನೂನು, ಇನ್ನು ಮುಂದೆ ಹುಟ್ಟುವ ಮಕ್ಕಳು ಸ್ವತಂತ್ರರು, ಆದರೂ 18 ವರ್ಷದ ತನಕ ತಾಯಿಯ ಒಡೆಯನಿಗೆ ದುಡಿಯಬೇಕು ಎಂದಿತು. ವೆನೆಜುವೆಲದಲ್ಲಿ ಗುಲಾಮಗಿರಿ ಪೂರ್ತಿ ನಿಂತದ್ದು 1854ರಲ್ಲಿ. ಪೆರುವಿನಲ್ಲಿ ಮೂಲ ನಿವಾಸಿಗಳ ತಲೆತೆರಿಗೆಯನ್ನು 1821ರಲ್ಲಿ ತೆಗೆದು, 1826ರಲ್ಲಿ ಹೆಸರು ಬದಲಿಸಿ ಮತ್ತೆ ಹಾಕಿದರು. ಅದೂ 1854ರ ತನಕ ನಡೆಯಿತು.

ತೂಗಿ ನೋಡಿದರೆ

ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೆ ಮೂರು ಸಂಗತಿಗಳು ಕಾಣುತ್ತವೆ.

ಒಂದನೆಯದು: ಯಾರ ಪಾಲು ಎಷ್ಟು ಎಂಬುದು ಯುದ್ಧ ಗೆದ್ದ ದಿನ ತೀರ್ಮಾನವಾಗಲಿಲ್ಲ, ಗೆದ್ದ ಮೇಲೆ ಕಾಗದ ಬರೆದ ದಿನ ತೀರ್ಮಾನವಾಯಿತು. ಬರೆಯುವ ಮೇಜಿನ ಹತ್ತಿರ ಕುಳಿತವರು ತಮ್ಮ ಪಾಲನ್ನು ಕೂಡಲೇ ಬರೆದುಕೊಂಡರು. ಹೊರಗೆ ನಿಂತವರಿಗೆ ಮುಂದೆ ಕೊಡುತ್ತೇವೆ ಎಂದರು. ಆ ಮುಂದೆ ಎಂಬುದು ವೆನೆಜುವೆಲದಲ್ಲಿ ಮೂವತ್ತಮೂರು ವರ್ಷ, ಅಮೆರಿಕದಲ್ಲಿ ಸುಮಾರು ಎಂಬತ್ತು ವರ್ಷ.

ಎರಡನೆಯದು: ದುಡಿಯುವವರಿಗೆ ಉಳಿದದ್ದು ಅವರು ತಾವೇ ಹಿಡಿದು ಬಿಡದೆ ಇದ್ದದ್ದು. ಫ್ರಾನ್ಸಿನ ರೈತರು ಕಾಣಿಕೆ ಕೊಡುವುದಿಲ್ಲ ಎಂದು ಕೂಡಿ ನಿಂತರು, ಉಳಿಯಿತು. ಹೈಟಿಯವರು ತಮ್ಮ ತುಂಡು ನೆಲ ಬಿಡಲಿಲ್ಲ, ಉಳಿಯಿತು. ಪ್ಯಾರಿಸಿನ ಕೂಲಿಗಾರರ ಸಂಘ ಒಡೆಯಿತು; ಅವರ ಸಂಘಗಳಿಗೆ ಕಾನೂನಿನ ಮಾನ್ಯತೆ ಸಿಗಲು ತೊಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೂರನೆಯದು: ಒಳ್ಳೆಯ ಮಾತನ್ನು ಯಾರೇ ಬರೆದಿರಲಿ, ನಾವು ಅದನ್ನು ಬಿಟ್ಟುಕೊಡಬಾರದು. ಬೆಟ್ ಎಂಬ ಆ ಹೆಣ್ಣುಮಗಳು ಬಿಟ್ಟುಕೊಡಲಿಲ್ಲ. ಸೇಂಟ್ ಡೊಮಿಂಗಿನ ಆಳುಗಳೂ ಬಿಟ್ಟುಕೊಡಲಿಲ್ಲ.

ಇಷ್ಟು ರಕ್ತ ಸುರಿಸದೆ ತಾಳ್ಮೆಯಿಂದ ಕಾದಿದ್ದರೆ ಆಗುತ್ತಿರಲಿಲ್ಲವೇ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಕೊಲ್ಲಬಾರದು ಎಂಬ ಆಜ್ಞೆ ನಮ್ಮ ಮುಂದಿದೆ. ಆದರೆ ಕಾದವರ ಗತಿಯನ್ನೂ ನೋಡಬೇಕು. ಹೈಟಿಯ ಪಕ್ಕದ ಕ್ಯೂಬಾದಲ್ಲಿ ಗುಲಾಮಗಿರಿ ನಿಂತದ್ದು 1886ರಲ್ಲಿ, ಬ್ರೆಜಿಲಿನಲ್ಲಿ 1888ರಲ್ಲಿ. ಹೈಟಿಯಲ್ಲಿ ಗುಲಾಮಗಿರಿ ನಿಂತ ಮೇಲೆಯೂ ಸುಮಾರು ತೊಂಬತ್ತು ವರ್ಷ ಅಲ್ಲಿ ಅದು ನಡೆದೇ ಇತ್ತು. ಆ ತೊಂಬತ್ತು ವರ್ಷಗಳ ಚಾಟಿಯೂ ರಕ್ತ ಸುರಿಸಿದ್ದೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮಗೆ ಇಂದು ಸಂಘವಿದೆ, ಓಟಿದೆ, ಕೋರ್ಟಿದೆ. ಅವರಿಗೆ ಇವು ಮೂರೂ ಇರಲಿಲ್ಲ. ಇರುವ ಈ ದಾರಿಗಳನ್ನು ಸವೆಯುವಂತೆ ನಡೆಯುವುದೇ ನಮ್ಮ ಕೆಲಸ.

ಆದ್ದರಿಂದ ನಮ್ಮ ಒಂದು ಕೋರಿಕೆ. ಮುಂದಿನ ಕೂಲಿ ಒಪ್ಪಂದ ಬಂದಾಗ, ಗೆದ್ದೆವು ಎಂದು ಪಟಾಕಿ ಹಚ್ಚುವ ಮೊದಲು ಕಾಗದವನ್ನು ನಮ್ಮ ಭಾಷೆಯಲ್ಲಿ ಓದಿಸಿ ಕೇಳೋಣ. ಅದನ್ನು ಬರೆಯುವಾಗ ನಮ್ಮ ಹೆಂಗಸರಲ್ಲಿ ಯಾರು ಕುಳಿತಿದ್ದರು? ತಾತ್ಕಾಲಿಕ ಕೆಲಸದವರ ಹೆಸರು ಅದರಲ್ಲಿದೆಯೇ? ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದು ನಮ್ಮ ಪಕ್ಕದ ಲೈನಿನಲ್ಲಿ ಇರುವವರು ಅದರಲ್ಲಿ ಸೇರಿದ್ದಾರೆಯೇ? ನಿವೃತ್ತರಾಗಿ ಲೈನ್ ಮನೆ ಬಿಡಬೇಕಾದ ಮುದುಕರಿಗೆ ಏನು ಬರೆದಿದೆ? ಮುಂದೆ ಕೊಡುತ್ತೇವೆ ಎಂದು ಎಲ್ಲಿ ಬರೆದಿದೆಯೋ ಅಲ್ಲಿ ಯಾವ ತಾರೀಖು ಎಂದು ಕೇಳೋಣ. ಉತ್ತರ ಸಿಕ್ಕಿದ ಮೇಲೆ ಸಹಿ ಹಾಕೋಣ.